ಅರುಂಧತಿ ಒಂಟಿ ನಕ್ಷತ್ರವಲ್ಲ

ಮದುವೆಯ ಮಂಟಪದಿಂದ ವಧೂವರರನ್ನು ಹೊರಗೆ ಕರೆತಂದು, ಪುರೋಹಿತರು ಆಕಾಶದತ್ತ ಕೈ ತೋರಿಸಿ 'ಅರುಂಧತಿ ಕಂಡಳೇ?' ಎಂದು ಕೇಳುವುದನ್ನು ನೀವು ನೋಡಿರುತ್ತೀರಿ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುತ್ತದೆ. 'ಕಂಡಳು' ಎಂದು ಇಬ್ಬರೂ ತಲೆಯಾಡಿಸುತ್ತಾರೆ. ಸುತ್ತ ನಿಂತವರು ನಗುತ್ತಾರೆ. ಶಾಸ್ತ್ರ ಮುಗಿಯುತ್ತದೆ.

ಆದರೆ ಶಾಲೆಯಲ್ಲಿ ಪ್ರಶ್ನೆ ಮುಗಿಯುವುದಿಲ್ಲ. ಮೊಬೈಲ್ ಫೋನುಗಳಲ್ಲಿ ಹರಿದಾಡುವ ಒಂದು ಸಂದೇಶವನ್ನು ವಿದ್ಯಾರ್ಥಿಗಳು ಹಿಡಿದು ತರುತ್ತಾರೆ. ಅದರ ಸಾರಾಂಶ ಹೀಗಿದೆ: 'ಬೇರೆಲ್ಲ ಜೋಡಿ ನಕ್ಷತ್ರಗಳಲ್ಲಿ ಒಂದು ನಿಂತಿರುತ್ತದೆ, ಇನ್ನೊಂದು ಅದನ್ನು ಸುತ್ತುತ್ತದೆ. ವಸಿಷ್ಠ ಮತ್ತು ಅರುಂಧತಿ ಮಾತ್ರ ಪರಸ್ಪರ ಸುತ್ತುತ್ತವೆ. ಇದು ತಿಳಿದಿದ್ದರಿಂದಲೇ ಹಿರಿಯರು ದಂಪತಿಗಳಿಗೆ ಇವನ್ನು ತೋರಿಸುವ ಪದ್ಧತಿ ಇಟ್ಟರು.' ವಿಜ್ಞಾನದ ಅಧ್ಯಾಪಕರು ಇದಕ್ಕೆ ಏನು ಉತ್ತರ ಕೊಡಬೇಕು? ಇದು ನಿಜವೇ, ಅರ್ಧ ನಿಜವೇ, ಸುಳ್ಳೇ?

ಉತ್ತರ ಕೊಡಲು ಆ ಮಂಕು ನಕ್ಷತ್ರವನ್ನೇ ಸ್ವಲ್ಪ ಹತ್ತಿರದಿಂದ ಪರಿಚಯ ಮಾಡಿಕೊಳ್ಳೋಣ. ಪ್ರೌಢಶಾಲೆಯ ಗಣಿತ ಸಾಕು. ಅಷ್ಟರಲ್ಲೇ ಅರುಂಧತಿಯ ದೂರ, ಉಜ್ಜ್ವಲತೆ, ಗಾತ್ರ, ಆಯುಸ್ಸು ಎಲ್ಲವನ್ನೂ ಅಳೆಯಬಹುದು. ಅಷ್ಟೇ ಅಲ್ಲ, ಅರುಂಧತಿಗೆ 2009ರವರೆಗೆ ಯಾರ ಕಣ್ಣಿಗೂ ಬೀಳದಿದ್ದ ಒಂದು ಜೊತೆ ನಕ್ಷತ್ರ ಇದೆ ಎಂಬುದೂ ತಿಳಿಯುತ್ತದೆ.

ಎಲ್ಲಿದೆ? ಯಾವಾಗ ಕಾಣುತ್ತದೆ?

ಉತ್ತರ ಆಕಾಶದ ಸಪ್ತರ್ಷಿ ಮಂಡಲ ನಿಮಗೆ ಗೊತ್ತು. ಕ್ರತು, ಪುಲಹ, ಪುಲಸ್ತ್ಯ, ಅತ್ರಿ - ಈ ನಾಲ್ಕು ಸೇರಿ ಒಂದು ಚತುರ್ಭುಜ. ಅದಕ್ಕೆ ಅಂಟಿಕೊಂಡ ಬಾಲದಲ್ಲಿ ಅಂಗಿರಸ, ವಸಿಷ್ಠ, ಮರೀಚಿ. ಬಾಲದ ನಡುವಿನ ನಕ್ಷತ್ರವೇ ವಸಿಷ್ಠ. ಪಾಶ್ಚಾತ್ಯರು ಇದನ್ನು ಮಿಜಾರ್ ಎನ್ನುತ್ತಾರೆ. ಅದರ ಪಕ್ಕದಲ್ಲೇ ಅಂಟಿದಂತೆ ಕಾಣುವ ಮಂಕು ಚುಕ್ಕಿಯೇ ಅರುಂಧತಿ, ಅಂದರೆ ಆಲ್ಕಾರ್. ನಕ್ಷತ್ರ ಪಟ್ಟಿಗಳಲ್ಲಿ ಇದರ ಹೆಸರು 80 ಉರ್ಸೆ ಮೇಜೋರಿಸ್.

ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ, ನೋಟ ಅಲ್ಲಿ ನಿಂತ ಮೇಲೆ ಪಕ್ಕದ ಸಣ್ಣದನ್ನು ತೋರಿಸುವುದು ಹಳೆಯ ಕ್ರಮ. ಗೊತ್ತಿರುವ ಸ್ಥೂಲದಿಂದ ಗೊತ್ತಿಲ್ಲದ ಸೂಕ್ಷ್ಮಕ್ಕೆ ಹೋಗುವ ಈ ಬೋಧನಾಕ್ರಮಕ್ಕೆ ಶಾಸ್ತ್ರಗ್ರಂಥಗಳಲ್ಲಿ 'ಸ್ಥೂಲಾರುಂಧತೀ ನ್ಯಾಯ' ಎಂಬ ಹೆಸರೇ ಇದೆ. ಇಂದಿನ ಹವ್ಯಾಸಿ ವೀಕ್ಷಕರು ಮಂಕು ಕಾಯಗಳನ್ನು ಹುಡುಕುವುದೂ ಹೀಗೆಯೇ.

ಈಗ ನೀವು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಇದ್ದೀರಿ ಎಂದುಕೊಳ್ಳಿ. ಅಲ್ಲಿನ ಅಕ್ಷಾಂಶ ಉತ್ತರ ಸುಮಾರು 12.3 ಡಿಗ್ರಿ. ಆದ್ದರಿಂದ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಕೇವಲ 12 ಡಿಗ್ರಿ ಎತ್ತರದಲ್ಲಿ ಇರುತ್ತದೆ. ತೆಂಗಿನ ತೋಟವೋ ಹೊಗೆಸೊಪ್ಪಿನ ಬ್ಯಾರನ್ನೋ ಅಡ್ಡ ಬಂದರೆ ಕಾಣುವುದೇ ಇಲ್ಲ. ಅರುಂಧತಿ ಖಗೋಳ ವಿಷುವದ್ವೃತ್ತದಿಂದ ಉತ್ತರಕ್ಕೆ 55 ಡಿಗ್ರಿಯಲ್ಲಿದೆ. ಹಾಗಾಗಿ ಅದು ಏರಬಹುದಾದ ಗರಿಷ್ಠ ಎತ್ತರ 90 - (55 - 12.3), ಅಂದರೆ ಸುಮಾರು 47 ಡಿಗ್ರಿ. ಉತ್ತರ ಯೂರೋಪಿನವರಿಗೆ ಅರುಂಧತಿ ಎಂದೂ ಮುಳುಗದ ನಕ್ಷತ್ರ. ನಮಗೆ ಅದು ದಿನಕ್ಕೆ ಸುಮಾರು 14 ಗಂಟೆ 25 ನಿಮಿಷ ದಿಗಂತದ ಮೇಲಿರುತ್ತದೆ, ಉಳಿದ ಹೊತ್ತು ಕೆಳಗೆ.

ಈ ಲೆಕ್ಕದಿಂದ ಒಂದು ತಮಾಷೆಯ ಸಂಗತಿ ಹೊರಬೀಳುತ್ತದೆ. ಮದುವೆಗಳು ಹೆಚ್ಚಾಗಿ ನಡೆಯುವ ಮೇ ತಿಂಗಳ ಮಧ್ಯಭಾಗವನ್ನು ತೆಗೆದುಕೊಳ್ಳಿ. ಆಗ ಅರುಂಧತಿ ಮೂಡುವುದು ಮಧ್ಯಾಹ್ನ 3 ಗಂಟೆಯ ಹೊತ್ತಿಗೆ. ಮುಳುಗುವುದು ಬೆಳಗಿನ ಜಾವ 5 ಗಂಟೆ ದಾಟಿದ ಮೇಲೆ. ಬೆಳಿಗ್ಗೆ 10 ಗಂಟೆಯ ಮುಹೂರ್ತದಲ್ಲಿ ಸೂರ್ಯನ ಬೆಳಕನ್ನು ಹೇಗೋ ಆರಿಸಿದರೂ ಅರುಂಧತಿ ಕಾಣಲಾರಳು. ಆಗ ಅವಳು ಭೂಮಿಯ ಆಚೆ ಬದಿಯಲ್ಲಿರುತ್ತಾಳೆ. ಅದೇ ದಿನ ರಾತ್ರಿ 8 ಗಂಟೆಗೆ ಹೊರಗೆ ಬಂದರೆ ಈಶಾನ್ಯದಲ್ಲಿ ಸುಮಾರು 40 ಡಿಗ್ರಿ ಎತ್ತರದಲ್ಲಿ ಸ್ಪಷ್ಟವಾಗಿ ಕಾಣುತ್ತಾಳೆ. ಏಪ್ರಿಲ್‌ನಿಂದ ಜುಲೈವರೆಗಿನ ಸಂಜೆಗಳು ವೀಕ್ಷಣೆಗೆ ಉತ್ತಮ. ಮುಂಗಾರು ಕವಿಯುವ ಮೊದಲೇ ನೋಡುವುದು ಜಾಣತನ. ಅಕ್ಟೋಬರ್‌ನಿಂದ ಜನವರಿವರೆಗೆ ಸಂಜೆಯ ಆಕಾಶದಲ್ಲಿ ಅರುಂಧತಿ ಇರುವುದಿಲ್ಲ.

ಎಷ್ಟು ಮಂಕು?

ಅರುಂಧತಿಯನ್ನು ಕಣ್ಣಿನ ಪರೀಕ್ಷೆಗೆ ಬಳಸುವ ರೂಢಿ ಭಾರತದಲ್ಲೂ ಇದೆ, ಅರಬ್ಬರಲ್ಲೂ ಇತ್ತು. ವಸಿಷ್ಠನಿಗೂ ಅರುಂಧತಿಗೂ ನಡುವಿನ ಕೋನಾಂತರ 11.8 ಕೋನ ನಿಮಿಷ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 31 ನಿಮಿಷ. ಅದರ ಮೂರನೇ ಒಂದು ಭಾಗಕ್ಕಿಂತ ಇದು ತುಸು ಹೆಚ್ಚು. ಆರೋಗ್ಯವಂತ ಕಣ್ಣು 1 ಕೋನ ನಿಮಿಷದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು. ಹಾಗಿದ್ದರೆ ಹನ್ನೆರಡು ಪಟ್ಟು ಅಂತರವಿರುವ ಈ ಜೋಡಿ ಪರೀಕ್ಷೆಯೇ ಅಲ್ಲವಲ್ಲ? ಕಷ್ಟ ಇರುವುದು ಅಂತರದಲ್ಲಿ ಅಲ್ಲ, ಪ್ರಕಾಶದಲ್ಲಿ. ಪಕ್ಕದ ವಸಿಷ್ಠ ಅರುಂಧತಿಗಿಂತ ಆರು ಪಟ್ಟು ಪ್ರಕಾಶಮಾನ.

ನಕ್ಷತ್ರಗಳ ತೋರಿಕೆಯ ಪ್ರಕಾಶವನ್ನು ಕಾಂತಿಮಾನದಲ್ಲಿ ಹೇಳುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಎರಡು ನಕ್ಷತ್ರಗಳ ನಡುವೆ 5 ಕಾಂತಿಮಾನಗಳ ವ್ಯತ್ಯಾಸವಿದ್ದರೆ ಪ್ರಕಾಶದಲ್ಲಿ ಸರಿಯಾಗಿ 100 ಪಟ್ಟು ವ್ಯತ್ಯಾಸ. ಆದ್ದರಿಂದ 1 ಕಾಂತಿಮಾನಕ್ಕೆ 2.512 ಪಟ್ಟು. ಈ ಅಳತೆಯನ್ನು 1856ರಲ್ಲಿ ಸೂಚಿಸಿದವನು ನಾರ್ಮನ್ ಪಾಗ್ಸನ್. 1861ರಲ್ಲಿ ಅವನು ಮದರಾಸು ವೀಕ್ಷಣಾಲಯದ ಮುಖ್ಯಸ್ಥನಾಗಿ ಬಂದು, 1891ರಲ್ಲಿ ಸಾಯುವವರೆಗೂ ಇಲ್ಲೇ ದುಡಿದ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ತನ್ನ ಮೂಲವನ್ನು ಗುರುತಿಸುವುದು ಇದೇ ಮದರಾಸು ವೀಕ್ಷಣಾಲಯದಲ್ಲಿ.

ವಸಿಷ್ಠನ ಕಾಂತಿಮಾನ ಸುಮಾರು 2.0, ಅರುಂಧತಿಯದು 4.0. ಕತ್ತಲೆಯ ಹಳ್ಳಿಯಲ್ಲಿ ಬರಿಗಣ್ಣಿನ ಮಿತಿ ಸುಮಾರು 6. ನಾಗರಹೊಳೆಯ ಅಂಚಿನ ಊರುಗಳಲ್ಲಿ, ಹೆಗ್ಗಡದೇವನಕೋಟೆಯ ಕಡೆ, ಅರುಂಧತಿ ಸುಲಭವಾಗಿ ಕಾಣುತ್ತದೆ. ಬೆಂಗಳೂರಿನ ನಡುವೆ ನಿಂತು ನೋಡಿದರೆ ಬೀದಿ ದೀಪಗಳ ಬೆಳಕು ಅದನ್ನು ನುಂಗಿಬಿಡುತ್ತದೆ. ಅಲ್ಲಿ ಅರುಂಧತಿ ಕಾಣಲಿಲ್ಲವೆಂದರೆ ಅದು ಕಣ್ಣಿನ ದೋಷವೂ ಅಲ್ಲ, ಅಪಶಕುನವೂ ಅಲ್ಲ. ಬೆಳಕಿನ ಮಾಲಿನ್ಯ ಅಷ್ಟೆ.

ದೂರದಿಂದ ಗಾತ್ರದವರೆಗೆ

ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರಗಳು ಬಹು ದೂರದವುಗಳ ಹಿನ್ನೆಲೆಯಲ್ಲಿ ಸ್ವಲ್ಪ ಅತ್ತಿತ್ತ ಸರಿದಂತೆ ಕಾಣುತ್ತವೆ. ಇದೇ ಪ್ಯಾರಲ್ಯಾಕ್ಸ್. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹದ ಅಳತೆಗಳ ಪ್ರಕಾರ ಅರುಂಧತಿಯ ಪ್ಯಾರಲ್ಯಾಕ್ಸ್ 0.0399 ಕೋನ ಸೆಕೆಂಡು. ದೂರವನ್ನು ಪಾರ್ಸೆಕ್‌ಗಳಲ್ಲಿ ಪಡೆಯಲು 1ನ್ನು ಇದರಿಂದ ಭಾಗಿಸಿದರೆ ಸಾಕು: ಸುಮಾರು 25 ಪಾರ್ಸೆಕ್. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. ಆದ್ದರಿಂದ ಅರುಂಧತಿ ಸುಮಾರು 82 ಜ್ಯೋತಿರ್ವರ್ಷ ದೂರದಲ್ಲಿದೆ. ಈ ರಾತ್ರಿ ನಿಮ್ಮ ಕಣ್ಣನ್ನು ಸೇರುವ ಅದರ ಬೆಳಕು ಹೊರಟದ್ದು, ನಿಮ್ಮೂರಿನ 82 ವರ್ಷದ ಅಜ್ಜಿ ಹುಟ್ಟಿದ ಕಾಲದಲ್ಲಿ.

ದೂರ ಸಿಕ್ಕಿತು, ಈಗ ನಿಜವಾದ ಉಜ್ಜ್ವಲತೆ. ಎಲ್ಲ ನಕ್ಷತ್ರಗಳನ್ನೂ 10 ಪಾರ್ಸೆಕ್ ದೂರದಲ್ಲಿ ಸಾಲಾಗಿ ನಿಲ್ಲಿಸಿದರೆ ತೋರುವ ಕಾಂತಿಮಾನಕ್ಕೆ ನಿರಪೇಕ್ಷ ಕಾಂತಿಮಾನ ಎಂದು ಹೆಸರು. ಅರುಂಧತಿಯನ್ನು 25ರಿಂದ 10 ಪಾರ್ಸೆಕ್‌ಗೆ ತಂದರೆ ದೂರ 2.5 ಪಟ್ಟು ಕಡಿಮೆ, ಪ್ರಕಾಶ 2.5ರ ವರ್ಗ, ಅಂದರೆ 6.25 ಪಟ್ಟು ಹೆಚ್ಚು. ಇದು ಸುಮಾರು 2 ಕಾಂತಿಮಾನಗಳಿಗೆ ಸಮ. ಹಾಗಾಗಿ ಅದರ ನಿರಪೇಕ್ಷ ಕಾಂತಿಮಾನ 4.0 - 2.0 = 2.0. ಸೂರ್ಯನದು 4.83. ವ್ಯತ್ಯಾಸ 2.83. 2.512ನ್ನು 2.83ರ ಘಾತಕ್ಕೆ ಏರಿಸಿದರೆ ಸುಮಾರು 13.5 ಬರುತ್ತದೆ. ಬರಿಗಣ್ಣಿಗೆ ಇದ್ದೂ ಇಲ್ಲದಂತೆ ಕಾಣುವ ಅರುಂಧತಿ ನಮ್ಮ ಸೂರ್ಯನ 13ರಿಂದ 14 ಪಟ್ಟು ಬೆಳಕು ಚೆಲ್ಲುತ್ತದೆ!

ರೋಹಿತವನ್ನು ಪರೀಕ್ಷಿಸಿ ಅರುಂಧತಿಯನ್ನು ಎ5 ವರ್ಗಕ್ಕೆ ಸೇರಿಸಿದ್ದಾರೆ. ಲುಬ್ಧಕ, ಅಭಿಜಿತ್, ಶ್ರವಣ ಇವೂ ಎ ವರ್ಗದ ಬಿಳಿ ನಕ್ಷತ್ರಗಳೇ. ಅರುಂಧತಿಯ ಮೇಲ್ಮೈ ಉಷ್ಣತೆ ಸುಮಾರು 8000 ಕೆಲ್ವಿನ್, ಸೂರ್ಯನದು 5772. ಕಾಯವೊಂದರ ಪ್ರತಿ ಚದರ ಮೀಟರಿನಿಂದ ಹೊಮ್ಮುವ ಶಕ್ತಿ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿ ಇರುತ್ತದೆ ಎಂಬ ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮ ನಿಮಗೆ ನೆನಪಿರಬಹುದು. 8000ವನ್ನು 5772ರಿಂದ ಭಾಗಿಸಿ ನಾಲ್ಕನೇ ಘಾತಕ್ಕೆ ಏರಿಸಿದರೆ 3.7. ಅಂದರೆ ಅರುಂಧತಿಯ ಪ್ರತಿ ಚದರ ಮೀಟರು ಸೂರ್ಯನದಕ್ಕಿಂತ 3.7 ಪಟ್ಟು ಶಕ್ತಿ ಹೊಮ್ಮಿಸುತ್ತದೆ. ಒಟ್ಟು ಉಜ್ಜ್ವಲತೆ 13.5 ಪಟ್ಟು ಆಗಬೇಕಾದರೆ ಮೇಲ್ಮೈ ವಿಸ್ತೀರ್ಣ 3.65 ಪಟ್ಟು, ತ್ರಿಜ್ಯ ಅದರ ವರ್ಗಮೂಲ - ಸುಮಾರು 1.9 ಪಟ್ಟು ಇರಬೇಕು. ಒಂದು ಚುಕ್ಕಿಯ ಗಾತ್ರವನ್ನು ಅಳತೆಪಟ್ಟಿ ಹಿಡಿಯದೆ ಅಳೆದುಬಿಟ್ಟೆವು.

ಇದರ ದ್ರವ್ಯರಾಶಿ ಸೂರ್ಯನ ಸುಮಾರು 1.8 ಪಟ್ಟು. ಇಂಧನ 1.8 ಪಟ್ಟು, ಖರ್ಚು 13.5 ಪಟ್ಟು. ಸೂರ್ಯನ ಆಯುಸ್ಸನ್ನು ಸುಮಾರು 1000 ಕೋಟಿ ವರ್ಷ ಎಂದು ಹಿಡಿದರೆ, ಅರುಂಧತಿಯದು 1000 × 1.8 ÷ 13.5, ಅಂದರೆ ಸುಮಾರು 130 ಕೋಟಿ ವರ್ಷ ಮಾತ್ರ. ಇದರಲ್ಲಿ 40ರಿಂದ 50 ಕೋಟಿ ವರ್ಷ ಈಗಾಗಲೇ ಕಳೆದಿದೆ. ಹೆಗ್ಗಡದೇವನಕೋಟೆಯ ಕಡೆಯ ಸರಗೂರಿನ ಹೆಸರನ್ನೇ ಹೊತ್ತ 'ಸರಗೂರು ಸಮೂಹ'ದ ಶಿಲೆಗಳು 300 ಕೋಟಿ ವರ್ಷಗಳಿಗೂ ಹಳೆಯವು. ಅವು ರೂಪುಗೊಂಡಾಗ ಅರುಂಧತಿ ಹುಟ್ಟಿರಲೇ ಇಲ್ಲ. ನಕ್ಷತ್ರಗಳೆಲ್ಲ ಅನಾದಿ, ಭೂಮಿಯ ಕಲ್ಲು ಇತ್ತೀಚಿನದು ಎಂಬ ನಮ್ಮ ಸಹಜ ಭಾವನೆ ಇಲ್ಲಿ ತಲೆಕೆಳಗಾಗುತ್ತದೆ.

ಇರಬಾರದಿದ್ದ ಎಕ್ಸ್-ಕಿರಣಗಳು

1990ರಲ್ಲಿ ಉಡಾಯಿಸಿದ ರೋಸಾಟ್ ಉಪಗ್ರಹ ಆಕಾಶವನ್ನೆಲ್ಲ ಎಕ್ಸ್-ಕಿರಣಗಳಲ್ಲಿ ಜಾಲಾಡಿತು. ಅರುಂಧತಿಯ ದಿಕ್ಕಿನಿಂದಲೂ ಎಕ್ಸ್-ಕಿರಣ ಬರುತ್ತಿರುವುದು ಅದಕ್ಕೆ ಕಂಡಿತು. ಇದು ವಿಚಿತ್ರ. ಏಕೆಂದರೆ, ಸೂರ್ಯನಂಥ ನಕ್ಷತ್ರಗಳ ಹೊರಪದರದಲ್ಲಿ ಅನಿಲ ಅನ್ನದ ಎಸರಿನಂತೆ ಕುದಿದು ಮೇಲೆ ಕೆಳಗೆ ಹರಿದಾಡುತ್ತದೆ. ಈ ಸಂವಹನ ಹಾಗೂ ನಕ್ಷತ್ರದ ಭ್ರಮಣ ಸೇರಿ ಬಲವಾದ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಹೊರಗಿನ ಕರೋನಾವನ್ನು ಲಕ್ಷಾಂತರ ಡಿಗ್ರಿಗೆ ಕಾಯಿಸಿ ಎಕ್ಸ್-ಕಿರಣ ಹೊರಡಿಸುತ್ತದೆ. ಅರುಂಧತಿಯೇನೋ ಸೆಕೆಂಡಿಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಬುಗುರಿಯಂತೆ ತಿರುಗುತ್ತಿದೆ (ಸೂರ್ಯನ ಸಮಭಾಜಕದಲ್ಲಿ ವೇಗ ಸೆಕೆಂಡಿಗೆ 2 ಕಿ.ಮೀ. ಮಾತ್ರ). ಆದರೆ ಎ5 ನಕ್ಷತ್ರದ ಹೊರಪದರದಲ್ಲಿ ಹೇಳಿಕೊಳ್ಳುವಂಥ ಸಂವಹನ ಇಲ್ಲ. ಎಕ್ಸ್-ಕಿರಣ ಬರಬಾರದು, ಆದರೂ ಬರುತ್ತಿದೆ!

ಇಂಥ ಸಂದರ್ಭದಲ್ಲಿ ಖಗೋಳ ವಿಜ್ಞಾನಿಗಳ ಮೊದಲ ಅನುಮಾನ: ಪಕ್ಕದಲ್ಲಿ ಕಣ್ಣಿಗೆ ಬೀಳದ ಪುಟ್ಟ ಕೆಂಪು ಕುಬ್ಜ ನಕ್ಷತ್ರವೊಂದು ಅಡಗಿದೆಯೇ? ಕೆಂಪು ಕುಬ್ಜಗಳಲ್ಲಿ ಸಂವಹನ ಧಾರಾಳ. ಎಳೆಯ ವಯಸ್ಸಿನವು ಎಕ್ಸ್-ಕಿರಣಗಳನ್ನು ಚೆನ್ನಾಗಿಯೇ ಸೂಸುತ್ತವೆ.

2009: ಸಂಗಾತಿ ಕಂಡಿತು

ಉತ್ತರ 2009ರಲ್ಲಿ ದೊರೆಯಿತು. ಅಮೆರಿಕದ ಎರಡು ತಂಡಗಳು ಪ್ರತ್ಯೇಕವಾಗಿ ಅದನ್ನು ಕಂಡವು. ಎರಿಕ್ ಮಾಮಾಜೆಕ್ ಮತ್ತು ಸಂಗಡಿಗರು ಅರಿಜೋನಾದ 6.5 ಮೀಟರ್ ಎಂಎಂಟಿ ದೂರದರ್ಶಕದಲ್ಲಿ, ಹತ್ತಿರದ ನಕ್ಷತ್ರಗಳ ಸುತ್ತ ಗ್ರಹಗಳಿಗಾಗಿ ಹುಡುಕುತ್ತಿದ್ದರು. ಇನ್ನೊಂದು ತಂಡ 'ಪ್ರಾಜೆಕ್ಟ್ 1640'; ಅವರು ಬಳಸಿದ್ದು ಪಾಲೋಮಾರ್‌ನ 200 ಅಂಗುಲದ ಹೇಲ್ ದೂರದರ್ಶಕ. ಇಬ್ಬರಿಗೂ ಅರುಂಧತಿಯಿಂದ ಕೇವಲ 1.1 ಕೋನ ಸೆಕೆಂಡು ದೂರದಲ್ಲಿ ಮಂಕು ಚುಕ್ಕಿಯೊಂದು ಕಾಣಿಸಿತು.

1.1 ಕೋನ ಸೆಕೆಂಡು ಎಂದರೆ ಎಷ್ಟು? ಸುಮಾರು 186 ಮೀಟರ್ ದೂರದಲ್ಲಿರುವ 1 ಮಿಲಿಮೀಟರಿನ ಸಂದು. ಆ ಸಂದಿನ ಒಂದು ಕಡೆ ಪೆಟ್ರೋಮ್ಯಾಕ್ಸ್ ದೀಪ, ಇನ್ನೊಂದು ಕಡೆ ಮಿಣುಕು ಹುಳು! ನಮ್ಮ ವಾಯುಮಂಡಲದ ಅದಿರಾಟವೇ ನಕ್ಷತ್ರದ ಬಿಂಬವನ್ನು ಸುಮಾರು ಒಂದು ಸೆಕೆಂಡಿನಷ್ಟು ಅಗಲಕ್ಕೆ ಕದಡಿಬಿಡುತ್ತದೆ. ಆದ್ದರಿಂದ ಮೂರು ಉಪಾಯಗಳು ಬೇಕಾದವು. ಒಂದು, ಹೊಂದಾಣಿಕೆಯ ದ್ಯುತಿವ್ಯವಸ್ಥೆ: ವಾಯುವಿನ ಅದಿರಾಟವನ್ನು ಕ್ಷಣಕ್ಷಣವೂ ಅಳೆದು, ಅದಕ್ಕೆ ತಕ್ಕಂತೆ ತೆಳು ದರ್ಪಣವೊಂದನ್ನು ಬಾಗಿಸಿ ಬಿಂಬವನ್ನು ಸರಿಪಡಿಸುವುದು. ಎರಡು, ಪಾಲೋಮಾರ್ ತಂಡ ಬಳಸಿದ ಕರೋನಾಗ್ರಾಫ್: ಉರಿಯುವ ದೀಪಕ್ಕೆ ಅಂಗೈ ಅಡ್ಡ ಹಿಡಿದು ಆಚೆಗೆ ನೋಡುವಂತೆ, ಮುಖ್ಯ ನಕ್ಷತ್ರದ ಬೆಳಕನ್ನು ಮರೆಮಾಡುವುದು. ಮೂರು, ಅವಕೆಂಪು ಬೆಳಕಿನಲ್ಲಿ ನೋಡುವುದು. ಒಟ್ಟು ಶಕ್ತಿಯಲ್ಲಿ ಅರುಂಧತಿ ತನ್ನ ಜೊತೆಗಿಂತ ಸಾವಿರ ಪಟ್ಟಿಗೂ ಹೆಚ್ಚು. ಆದರೆ ತಣ್ಣನೆಯ ಕೆಂಪು ಕುಬ್ಜ ತನ್ನ ಶಕ್ತಿಯ ಬಹುಪಾಲನ್ನು ಅವಕೆಂಪಿನಲ್ಲೇ ಸೂಸುವುದರಿಂದ, ಅಲ್ಲಿ ವ್ಯತ್ಯಾಸ ಸುಮಾರು 6 ಕಾಂತಿಮಾನಗಳಿಗೆ, ಅಂದರೆ 250 ಪಟ್ಟಿಗೆ ಇಳಿಯುತ್ತದೆ.

ಜೊತೆಯೋ, ದಾರಿಹೋಕನೋ?

ಪಕ್ಕದಲ್ಲಿ ಕಂಡದ್ದೆಲ್ಲ ಸಂಗಾತಿಯಲ್ಲ. ಇದಕ್ಕೆ ಒಳ್ಳೆಯ ನಿದರ್ಶನ ಅರುಂಧತಿಯ ನೆರೆಯಲ್ಲೇ ಇದೆ. 1722ರ ಡಿಸೆಂಬರ್‌ನಲ್ಲಿ ಜರ್ಮನಿಯ ಯೋಹಾನ್ ಲೀಬ್ಕ್‌ನೆಕ್ಟ್ ಎಂಬಾತ ವಸಿಷ್ಠ ಮತ್ತು ಅರುಂಧತಿಯ ಸಮೀಪ ದೂರದರ್ಶಕದಲ್ಲಿ ಒಂದು ಮಂಕು ಚುಕ್ಕಿಯನ್ನು ಕಂಡ. ಅದು ಚಲಿಸಿದೆ ಎಂದು ಭಾವಿಸಿ, ಹೊಸ ಗ್ರಹವೇ ಸಿಕ್ಕಿತೆಂದು ತನ್ನ ಅರಸ ಲುಡ್ವಿಗ್‌ನ ಹೆಸರಿಟ್ಟ. ಅದು ಗ್ರಹವೂ ಅಲ್ಲ, ಈ ಕುಟುಂಬದ್ದೂ ಅಲ್ಲ. ಬಹಳ ಹಿಂದೆ ಇರುವ ಸಾಮಾನ್ಯ ನಕ್ಷತ್ರ. ಬಸ್ಸಿನಲ್ಲಿ ಕುಳಿತು ನೋಡುವಾಗ ಹತ್ತಿರದ ಬೇಲಿಯ ಗೂಟ ದೂರದ ಗುಡ್ಡದ ಪಕ್ಕದಲ್ಲೇ ನಿಂತಂತೆ ಕಾಣುವುದಿಲ್ಲವೇ? ಹಾಗೆ.

ಬಸ್ಸಿನ ಉದಾಹರಣೆಯಲ್ಲೇ ಪರಿಹಾರವೂ ಇದೆ. ಬಸ್ಸು ಮುಂದೆ ಸಾಗಿದಾಗ ಗೂಟ ಬೇಗ ಹಿಂದೆ ಸರಿಯುತ್ತದೆ; ಗುಡ್ಡ ಸರಿಯುವುದೇ ಇಲ್ಲ. ಗೂಟದ ಜೊತೆಗೆ ಅಷ್ಟೇ ಸರಿಯುವ ವಸ್ತು ಗೂಟದಷ್ಟೇ ದೂರದಲ್ಲಿರಬೇಕು. ಪಾಲೋಮಾರ್ ತಂಡ 2009ರ ಮಾರ್ಚ್‌ನಲ್ಲಿ ಒಮ್ಮೆ, 103 ದಿನಗಳ ನಂತರ ಇನ್ನೊಮ್ಮೆ ಅರುಂಧತಿಯನ್ನು ನೋಡಿತು. ಅಷ್ಟರಲ್ಲಿ ಭೂಮಿಯೆಂಬ ಬಸ್ಸು ತನ್ನ ಕಕ್ಷೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸಾಗಿತ್ತು. ಅರುಂಧತಿಯೂ ಪಕ್ಕದ ಚುಕ್ಕಿಯೂ ಒಂದೇ ಸಮ ಸರಿದಿದ್ದವು. ಅವರ ಅಳತೆಯ ನಿಖರತೆ ಒಂದು ಕೋನ ಸೆಕೆಂಡಿನ ಸಾವಿರದ ಮೂರು ಭಾಗ! ಎರಡೂ ಒಂದೇ ದೂರದಲ್ಲಿವೆ, ಒಟ್ಟಿಗೆ ಸಾಗುತ್ತಿವೆ ಎಂಬುದು ಖಚಿತವಾಯಿತು.

ಈ ಉಪಾಯದ ಬೀಜ ಬಹಳ ಹಳೆಯದು. ಜೋಡಿಯಾಗಿ ಕಾಣುವ ನಕ್ಷತ್ರಗಳಲ್ಲಿ ಒಂದು ಹತ್ತಿರ, ಇನ್ನೊಂದು ದೂರ ಇದ್ದರೆ ಅವುಗಳ ಸಾಪೇಕ್ಷ ಸರಿದಾಟದಿಂದ ಭೂಮಿಯ ಚಲನೆಯನ್ನೇ ತೋರಿಸಬಹುದು ಎಂದು ಗೆಲಿಲಿಯೋ ಯೋಚಿಸಿದ್ದ. 1617ರಲ್ಲಿ ಅವನ ಶಿಷ್ಯ ಬೆನೆಡೆಟ್ಟೊ ಕಾಸ್ಟೆಲಿ ನೋಡಲು ಸೂಚಿಸಿದ ನಕ್ಷತ್ರ ಯಾವುದು ಗೊತ್ತೇ? ನಮ್ಮ ವಸಿಷ್ಠ. ಗೆಲಿಲಿಯೋ ಅದನ್ನು ದೂರದರ್ಶಕದಲ್ಲಿ ಎರಡಾಗಿ ಕಂಡ. ಸರಿದಾಟವನ್ನು ಗುರುತಿಸುವ ಸಾಮರ್ಥ್ಯ ಅವನ ಉಪಕರಣಕ್ಕೆ ಇರಲಿಲ್ಲ. ಸುಮಾರು 400 ವರ್ಷಗಳ ಬಳಿಕ ಅದೇ ವಿಚಾರ, ಅದೇ ನೆರೆಯಲ್ಲಿ ಫಲ ಕೊಟ್ಟಿತು.

ಕೆಪ್ಲರ್ ನಿಯಮದಿಂದ ಒಂದು ಲೆಕ್ಕ

ಹೊಸ ಸಂಗಾತಿಯನ್ನು ಅರುಂಧತಿ ಬಿ ಎನ್ನೋಣ. ಅದು ಎಂ ವರ್ಗದ ಕೆಂಪು ಕುಬ್ಜ. ದ್ರವ್ಯರಾಶಿ ಸೂರ್ಯನ ಸುಮಾರು 0.3 ಭಾಗ, ಉಜ್ಜ್ವಲತೆ ಸೂರ್ಯನ ನೂರನೇ ಒಂದು ಭಾಗದ ಆಸುಪಾಸು. ಎಕ್ಸ್-ಕಿರಣಗಳ ಒಗಟನ್ನೂ ಇದೇ ಬಿಡಿಸುತ್ತದೆ.

ಕೋನಾಂತರವನ್ನು (1.11 ಸೆಕೆಂಡು) ಪಾರ್ಸೆಕ್‌ಗಳಲ್ಲಿನ ದೂರದಿಂದ (25) ಗುಣಿಸಿದರೆ ಎರಡರ ನಡುವಿನ ಅಂತರ ನೇರವಾಗಿ ಖಗೋಳಮಾನಗಳಲ್ಲಿ ಸಿಗುತ್ತದೆ: ಸುಮಾರು 28. ಭೂಮಿ-ಸೂರ್ಯರ ಅಂತರ 1 ಖಗೋಳಮಾನ. ನೆಪ್ಚೂನ್ ಇರುವುದು 30ರಲ್ಲಿ. ಈಗ ಕೆಪ್ಲರ್‌ನ ಮೂರನೇ ನಿಯಮ. ಅಂತರದ ಘನವನ್ನು ಒಟ್ಟು ದ್ರವ್ಯರಾಶಿಯಿಂದ ಭಾಗಿಸಿದರೆ ಪರಿಭ್ರಮಣ ಕಾಲದ ವರ್ಗ ಬರುತ್ತದೆ. 28ರ ಘನ 21,952. ಒಟ್ಟು ದ್ರವ್ಯರಾಶಿ 1.8 + 0.3 = 2.1. ಭಾಗಲಬ್ಧ 10,453, ಅದರ ವರ್ಗಮೂಲ 102. ಸುಮಾರು 100 ವರ್ಷಕ್ಕೊಂದು ಸುತ್ತು!

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವು ಅಳೆದ 28 ಖಗೋಳಮಾನ ಆಕಾಶದ ಪರದೆಯ ಮೇಲೆ ಬಿದ್ದ ಅಂತರ. ಒಂದು ನಕ್ಷತ್ರ ಇನ್ನೊಂದಕ್ಕಿಂತ ನಮಗೆ ಸ್ವಲ್ಪ ಹಿಂದೆಯೋ ಮುಂದೆಯೋ ಇದ್ದರೆ ನಿಜವಾದ ಅಂತರ ಇನ್ನೂ ಹೆಚ್ಚು. ಕಕ್ಷೆ ದೀರ್ಘವೃತ್ತವೂ ಆಗಿರಬಹುದು. ಆದ್ದರಿಂದ 100 ವರ್ಷ ಎಂಬುದು ಅಂದಾಜು. ಅದನ್ನು ನಿಖರವಾಗಿಸಲು ದಶಕಗಳ ವೀಕ್ಷಣೆ ಬೇಕು.

ಈ ಸುತ್ತಾಟದಲ್ಲಿ ಯಾರು ನಿಂತಿದ್ದಾರೆ, ಯಾರು ಸುತ್ತುತ್ತಿದ್ದಾರೆ? ಕಾವಡಿ ಹೊತ್ತವರನ್ನು ನೆನಪಿಸಿಕೊಳ್ಳಿ. ಎರಡೂ ಕಡೆಯ ಭಾರ ಸಮವಾಗಿದ್ದರೆ ಹೆಗಲು ಕಾವಡಿಯ ನಡುವೆ ಇರುತ್ತದೆ. ಒಂದು ಕಡೆ ಭಾರ ಹೆಚ್ಚಾದರೆ ಹೆಗಲು ಆ ಕಡೆಗೆ ಸರಿಯುತ್ತದೆ. ನಕ್ಷತ್ರ ಜೋಡಿಯ 'ಹೆಗಲು' ಅದರ ದ್ರವ್ಯರಾಶಿ ಕೇಂದ್ರ. ಇಲ್ಲಿ ಭಾರಗಳ ಅನುಪಾತ 6ಕ್ಕೆ 1. ಆದ್ದರಿಂದ ಅರುಂಧತಿ ಆ ಕೇಂದ್ರದಿಂದ 4 ಖಗೋಳಮಾನ, ಸಂಗಾತಿ 24 ಖಗೋಳಮಾನ ದೂರದಲ್ಲಿದ್ದು ಇಬ್ಬರೂ ಅದನ್ನು ಸುತ್ತುತ್ತಾರೆ. ಭಾರವಾದದ್ದು ಚಿಕ್ಕ ಸುತ್ತು, ಹಗುರವಾದದ್ದು ದೊಡ್ಡ ಸುತ್ತು. ನ್ಯೂಟನ್ನನ ನಿಯಮದಂತೆ ವಿಶ್ವದ ಪ್ರತಿಯೊಂದು ಜೋಡಿಯೂ ಹೀಗೆಯೇ. ಯಾವ ಜೋಡಿಯಲ್ಲೂ ಒಬ್ಬರು ಕದಲದೆ ನಿಂತಿರುವುದಿಲ್ಲ. ಸಂದೇಶದ ಮೊದಲ ವಾಕ್ಯ ಇಲ್ಲೇ ಬಿದ್ದುಹೋಗುತ್ತದೆ.

ಹಾಗಾದರೆ ವಸಿಷ್ಠ ಮತ್ತು ಅರುಂಧತಿ?

ವಸಿಷ್ಠ ಒಂದು ನಕ್ಷತ್ರವಲ್ಲ, ನಾಲ್ಕು. ದೂರದರ್ಶಕದಲ್ಲಿ 14 ಕೋನ ಸೆಕೆಂಡು ಅಂತರದ ಎರಡು ಚುಕ್ಕಿಗಳು ಕಾಣುತ್ತವೆ. ಅವುಗಳಲ್ಲಿ ಪ್ರಕಾಶಮಾನವಾದದ್ದರ ರೋಹಿತ ರೇಖೆಗಳು ಒಮ್ಮೆ ಒಂದಾಗಿ, ಒಮ್ಮೆ ಎರಡಾಗಿ ಕಾಣುವುದನ್ನು ಹಾರ್ವರ್ಡ್‌ನ ಎಡ್ವರ್ಡ್ ಪಿಕರಿಂಗ್ 1889ರಲ್ಲಿ ಪ್ರಕಟಿಸಿದ. ಹೀಗೆ ರೋಹಿತದಿಂದ ಪತ್ತೆಯಾದ ಮೊದಲ ಯಮಳ ನಕ್ಷತ್ರ ಎಂಬ ಹೆಗ್ಗಳಿಕೆ ವಸಿಷ್ಠನದು. ಅದರ ಪರಿಭ್ರಮಣ ಕಾಲ ಸುಮಾರು 20.5 ದಿನ. ಎರಡನೇ ಚುಕ್ಕಿಯೂ ಯಮಳವೆಂಬುದು 1908ರಲ್ಲಿ ತಿಳಿಯಿತು. ವಸಿಷ್ಠನ ನಾಲ್ಕು, ಅರುಂಧತಿಯ ಎರಡು - ಒಟ್ಟು ಆರು.

ಈ ನಾಲ್ಕು ಮತ್ತು ಎರಡು ಗುರುತ್ವದಿಂದ ಪರಸ್ಪರ ಬಂಧಿತವೇ? ಸಪ್ತರ್ಷಿಗಳಲ್ಲಿ ಕ್ರತು ಮತ್ತು ಮರೀಚಿಯನ್ನು ಬಿಟ್ಟು ಉಳಿದ ಐದು ಒಂದೇ ದಿಕ್ಕಿಗೆ ಸಾಗುತ್ತಿವೆ ಎಂದು ರಿಚರ್ಡ್ ಪ್ರಾಕ್ಟರ್ 1869ರಲ್ಲಿ ಗುರುತಿಸಿದ್ದ. ಅರುಂಧತಿಯೂ ಅದೇ ಗುಂಪಿನದು. ಒಟ್ಟಿಗೆ ಹುಟ್ಟಿದ ಕುಟುಂಬ. ಮಾಮಾಜೆಕ್ ತಂಡ 2010ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಸಿಷ್ಠ ಮತ್ತು ಅರುಂಧತಿಯ ನಡುವಿನ ಅಂತರ ಸುಮಾರು 74,000 ಖಗೋಳಮಾನ, ಅಂದರೆ 1.2 ಜ್ಯೋತಿರ್ವರ್ಷ. ಅಳತೆಯ ಅನಿಶ್ಚಿತತೆ ಇದರ ಅರ್ಧಕ್ಕಿಂತಲೂ ಹೆಚ್ಚು. ಅಂತರ 18,000ಕ್ಕಿಂತ ಕಡಿಮೆಯಂತೂ ಇರಲಾರದು. ಎರಡರ ವೇಗಗಳು ಅಷ್ಟಿಷ್ಟು ಮಾತ್ರ ಹೊಂದುತ್ತವೆ. ಆದರೂ ಇಷ್ಟು ಸಮೀಪ ಇದ್ದು ಹೆಚ್ಚುಕಡಿಮೆ ಒಂದೇ ಕಡೆ ಸಾಗುತ್ತಿರುವುದರಿಂದ ಇವನ್ನು ಆರು ನಕ್ಷತ್ರಗಳ ಒಂದೇ ವ್ಯವಸ್ಥೆ ಎಂದು ಪರಿಗಣಿಸಬಹುದು ಎಂದು ಅವರು ಸೂಚಿಸಿದರು. ಹಾಗೆ ಪರಿಗಣಿಸಿದರೆ, ಪುನರ್ವಸುವಿನ ಕ್ಯಾಸ್ಟರ್ ನಂತರ ನಮಗೆ ಅತಿ ಹತ್ತಿರದ ಷಟ್ಕ ಇದೇ. ಇದು ಸೂಚನೆಯೇ ಹೊರತು ಅಂತಿಮ ತೀರ್ಪಲ್ಲ.

ಬಂಧಿತವೆಂದೇ ಇಟ್ಟುಕೊಂಡು ಕೆಪ್ಲರ್ ಲೆಕ್ಕ ಮಾಡಿ. ಆರರ ಒಟ್ಟು ದ್ರವ್ಯರಾಶಿ ಸೂರ್ಯನ 8 ಪಟ್ಟು ಎನ್ನಿ. ಕನಿಷ್ಠ ಅಂತರ 18,000 ಖಗೋಳಮಾನ ಹಿಡಿದರೂ ಒಂದು ಸುತ್ತಿಗೆ 8 ಲಕ್ಷ ವರ್ಷಗಳಿಗೂ ಹೆಚ್ಚು. 74,000 ಹಿಡಿದರೆ ಸುಮಾರು 70 ಲಕ್ಷ ವರ್ಷ. ಕಳೆದ 5000 ವರ್ಷಗಳಲ್ಲಿ ಅವು ಹೆಚ್ಚೆಂದರೆ 2 ಡಿಗ್ರಿಯಷ್ಟು ಸುತ್ತಿರಬಹುದು. ಬರಿಗಣ್ಣಿನಿಂದ ಇದನ್ನು ಯಾರೂ, ಎಷ್ಟೇ ತಲೆಮಾರು ಕಾದರೂ, ಗುರುತಿಸುವಂತಿಲ್ಲ.

ಆದ್ದರಿಂದ ವಿದ್ಯಾರ್ಥಿಗೆ ಕೊಡಬಹುದಾದ ಉತ್ತರ ಹೀಗಿದೆ. ಎಲ್ಲ ಯಮಳ ನಕ್ಷತ್ರಗಳೂ ಪರಸ್ಪರ ಸುತ್ತುತ್ತವೆ. ಅದು ಈ ಜೋಡಿಯ ವಿಶೇಷವಲ್ಲ. ವಸಿಷ್ಠ ಮತ್ತು ಅರುಂಧತಿ ಹಾಗೆ ಸುತ್ತುತ್ತಿವೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸುತ್ತುತ್ತಿದ್ದರೂ ಪ್ರಾಚೀನರಿಗೆ ಅದು ಕಾಣುವ ಸಂಭವ ಇರಲಿಲ್ಲ. ಅವರು ನಿಜವಾಗಿ ಕಂಡದ್ದು ಎರಡು ನಕ್ಷತ್ರ ಒಂದನ್ನೊಂದು ಬಿಡದೆ ಜೊತೆಯಾಗಿ ಸಾಗುವುದನ್ನು. ಅದಕ್ಕೆ ತೀಕ್ಷ್ಣ ಕಣ್ಣು, ತಾಳ್ಮೆ, ಕತ್ತಲೆಯ ಆಕಾಶ ಬೇಕು. ಅವರ ಈ ವೀಕ್ಷಣೆಗೆ ಗೌರವ ಸಲ್ಲಿಸಲು ಅವರು ಅಳೆಯದ್ದನ್ನು ಅವರ ಹೆಸರಿಗೆ ಬರೆಯಬೇಕಾಗಿಲ್ಲ.

ನೀವೇ ಮಾಡಿ ನೋಡಿ

1. ಮೇ ತಿಂಗಳ ಚಂದ್ರನಿಲ್ಲದ ರಾತ್ರಿ 8 ಗಂಟೆಗೆ ಹತ್ತು ಮಂದಿ ಒಟ್ಟಾಗಿ ಸಪ್ತರ್ಷಿ ಮಂಡಲ ನೋಡಿ. ಕಣ್ಣು ಕತ್ತಲೆಗೆ ಒಗ್ಗಲು 20 ನಿಮಿಷ ಬಿಡಿ. ಅರುಂಧತಿ ಎಷ್ಟು ಜನರಿಗೆ ಕಂಡಿತು, ಕನ್ನಡಕ ತೆಗೆದಾಗ ಎಷ್ಟು ಜನರಿಗೆ ಕಂಡಿತು ಎಂದು ಬರೆದುಕೊಳ್ಳಿ. ಯಾರಿಗಾದರೂ ಸ್ವಚ್ಛ ಆಕಾಶದಲ್ಲೂ ಕಾಣದಿದ್ದರೆ ಕಣ್ಣಿನ ವೈದ್ಯರಲ್ಲಿ ತೋರಿಸುವಂತೆ ಹೇಳಿ.

2. ಅದೇ ವೀಕ್ಷಣೆಯನ್ನು ಬೀದಿ ದೀಪದ ಕೆಳಗೆ ಮಾಡಿ. ಬೆಳಕಿನ ಮಾಲಿನ್ಯದ ಅಳತೆ ತಾನಾಗಿ ಸಿಗುತ್ತದೆ.

3. ಬೈನಾಕ್ಯುಲರ್ ಇದ್ದರೆ ವಸಿಷ್ಠ ಮತ್ತು ಅರುಂಧತಿಯ ನಡುವಿನ ಅಂತರವನ್ನು ಮತ್ತೊಂದು ರಾತ್ರಿ ಚಂದ್ರನ ಅಗಲದೊಂದಿಗೆ ಹೋಲಿಸಿ. ಸಣ್ಣ ದೂರದರ್ಶಕ ಸಿಕ್ಕರೆ ವಸಿಷ್ಠ ಎರಡಾಗುವುದನ್ನು ನೋಡಿ.

4. ಮೇಲಿನ ಲೆಕ್ಕಗಳನ್ನು ಲುಬ್ಧಕಕ್ಕೆ ಮಾಡಿ: ಕಾಂತಿಮಾನ -1.46, ಪ್ಯಾರಲ್ಯಾಕ್ಸ್ 0.379 ಕೋನ ಸೆಕೆಂಡು. ಸೂರ್ಯನಿಗಿಂತ ಎಷ್ಟು ಪಟ್ಟು ಉಜ್ಜ್ವಲ?

ಅರುಂಧತಿ: ಒಂದು ನೋಟದಲ್ಲಿ

ಕಾಂತಿಮಾನ: 4.0
ದೂರ: ಸುಮಾರು 82 ಜ್ಯೋತಿರ್ವರ್ಷ
ಅರುಂಧತಿ ಎ: ಎ5 ವರ್ಗ, ದ್ರವ್ಯರಾಶಿ 1.8, ತ್ರಿಜ್ಯ 1.9, ಉಜ್ಜ್ವಲತೆ 13.5 (ಸೂರ್ಯ = 1)
ಅರುಂಧತಿ ಬಿ: ಎಂ ವರ್ಗದ ಕೆಂಪು ಕುಬ್ಜ, ದ್ರವ್ಯರಾಶಿ ಸುಮಾರು 0.3
ಎರಡರ ನಡುವೆ: 1.11 ಕೋನ ಸೆಕೆಂಡು, ಕನಿಷ್ಠ 28 ಖಗೋಳಮಾನ
ಪರಿಭ್ರಮಣ ಕಾಲ: ಅಂದಾಜು 100 ವರ್ಷ
ವಯಸ್ಸು: 40-50 ಕೋಟಿ ವರ್ಷ

2009ರಲ್ಲಿ ಮೊದಲ ಬಾರಿಗೆ ಕಂಡ ಸಂಗಾತಿ ತನ್ನ ಒಂದು ಸುತ್ತನ್ನು ಮುಗಿಸುವುದು ಮುಂದಿನ ಶತಮಾನದಲ್ಲಿ. ಆ ಕಕ್ಷೆಯನ್ನು ಪೂರ್ತಿ ಅಳೆಯುವವರು ಇಂದು ತರಗತಿಯಲ್ಲಿ ಕುಳಿತಿರುವವರ ಮಕ್ಕಳು, ಮೊಮ್ಮಕ್ಕಳು. ಮೊದಲ ಕೆಲವು ಅಳತೆಗಳಿಗೆ ನಿಮ್ಮ ವಿದ್ಯಾರ್ಥಿಗಳೂ ಕೈಜೋಡಿಸಬಹುದು. ಮೊದಲ ಹೆಜ್ಜೆಯಾಗಿ, ಅವರು ಅರುಂಧತಿಯನ್ನು ರಾತ್ರಿಯ ಹೊತ್ತು ನೋಡಲಿ.